ತಿರುಗುತ್ತಲೇ ಇದ್ದ ಬಸ್ಸಿನ ಪುಟ

ಚನ್ನಗಿರಿಯಲ್ಲಿ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನೊಬ್ಬನೇ ಇರುತ್ತೇನೆ. ಹೆಂಡತಿ ತವರಿಗೆ ಹೋಗಿ ನಾಲ್ಕು ವರ್ಷವಾಯಿತು. ತಪ್ಪು ನನ್ನ ಬಾಯಿಯದು, ಅದು ಬಿಡಿ. ಅವಳು ಹೋದ ಮೇಲೆ ಹೊತ್ತು ಹೋಗಲೆಂದು ಒಂದು ವೆಬ್‌ಸೈಟ್ ಮಾಡಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಖಾಸಗಿ ಬಸ್ಸುಗಳಲ್ಲಿ ಇವತ್ತು ಯಾವುದು ಓಡುತ್ತದೆ, ಯಾವುದಿಲ್ಲ ಎಂಬ ಪಟ್ಟಿ. ಬೆಳಗ್ಗೆ ಕಂಡಕ್ಟರುಗಳು ಮೆಸೇಜ್ ಹಾಕುತ್ತಿದ್ದರು, ನಾನು ಪಟ್ಟಿ ತಿದ್ದುತ್ತಿದ್ದೆ.

ಪಟ್ಟಿಯೇನೋ ಸಣ್ಣದು, ಶೋಕಿ ದೊಡ್ಡದು. ಸೂಳೆಕೆರೆಯ ಫೋಟೊಗಳು ಒಂದಾದ ಮೇಲೊಂದು ಜಾರುವುದಕ್ಕೊಂದು ಪ್ಲಗಿನ್, ಅಂದರೆ ಸೈಟಿಗೆ ಅಂಟಿಸುವ ಸಿದ್ಧ ತುಣುಕು, ಅಭಿಪ್ರಾಯದ ಫಾರಂಗೊಂದು, ನಕ್ಷೆಗೊಂದು, ಸಿಕ್ಕಿದ್ದನ್ನೆಲ್ಲ ಸಿಕ್ಕಿಸಿದ್ದೆ. ಬೇಕಿರಲಿ ಬಿಡಲಿ, ಪ್ರತಿ ಪುಟದಲ್ಲೂ ಅವೆಲ್ಲ ನೋಡುವವರ ಫೋನಿಗೆ ಇಳಿದ ಮೇಲೆಯೇ ಬಸ್ಸಿನ ಹೆಸರು ಕಾಣುತ್ತಿತ್ತು. ಹೊಲಕ್ಕೆ ಬುತ್ತಿ ಒಯ್ಯುವವಳು ಅಡುಗೆಮನೆಯ ಪಾತ್ರೆಯನ್ನೆಲ್ಲ ಹೊತ್ತು ಹೊರಟ ಹಾಗೆ! ಸೊಕ್ಕೆ ಊರಿನಿಂದ ಯಾರೋ ಬರೆದಿದ್ದರು: "ನಿಮ್ಮ ಪುಟ ತೆರೆಯೋದ್ರಾಗೆ ನಾನು ನಡ್ಕೊಂಡೇ ಜಗಳೂರು ಮುಟ್ಟಿದ್ದೆ ಕಣ್ರೀ." ಸಿಟ್ಟು ನೆತ್ತಿಗೇರಿತು. ಅಳಿಸಿ ಹಾಕಿದೆ.

ಸವಳಂಗದ ಒಬ್ಬ ಹೆಂಗಸು ಮಾತ್ರ ಬರೆಯುತ್ತಿರಲಿಲ್ಲ, ಫೋನೇ ಮಾಡುತ್ತಿದ್ದರು. ನಂಬರು ಅಲ್ಲಿಯ ನಿಲ್ದಾಣದ ಕಂಬಕ್ಕೆ ನಾನೇ ಅಂಟಿಸಿದ್ದ ಚೀಟಿಯಲ್ಲಿತ್ತು. ಮಂಗಳವಾರ, ಶುಕ್ರವಾರ ಗಂಡನನ್ನು ಡಯಾಲಿಸಿಸ್‌ಗೆ ಹೊನ್ನಾಳಿಗೆ ಕರೆದೊಯ್ಯಬೇಕು. ಪಾಳಿ ತಪ್ಪಿದರೆ ಆ ಮನುಷ್ಯನಿಗೆ ಉಸಿರು ಕಟ್ಟುತ್ತಿತ್ತು.

"ಅಣ್ಣಾರೆ, ನಿಮ್ಮ ಪುಟ ಬರೀ ತಿರುಗ್ತಾನೇ ಐತ್ರೀ, ತೆರೀತಿಲ್ಲ. ಇವತ್ತು ಮೊದಲ್ನೇ ಬಸ್ ಐತೇನು?"

"ಐತಮ್ಮ, ಹೊರಡ್ರಿ."

"ಚಾ ಆತೇನ್ರೀ ನಿಮ್ದು?"

ಇಡೀ ವಾರದಲ್ಲಿ ನನ್ನ ಚಾ ಬಗ್ಗೆ ಕೇಳುವ ಜೀವ ಅದೊಂದೇ. ಆ ಎರಡು ದಿನ ಬೇಗ ಎದ್ದು ಮುಖ ತೊಳೆದು ಕೂರುತ್ತಿದ್ದೆ, ನಗಬೇಡಿ. ಪುಟವನ್ನು ಸರಿಪಡಿಸುವುದು ಅರ್ಧ ದಿನದ ಕೆಲಸ. ಯಾವ ಪ್ಲಗಿನ್ ಯಾವ ಪುಟಕ್ಕೆ ಬೇಕೋ ಅಲ್ಲಿ ಮಾತ್ರ ಇಳಿಯಲು ಬಿಟ್ಟು, ಉಳಿದ ಕಡೆ ತಡೆದರಾಯಿತು. ಗೊತ್ತಿದ್ದೂ ಮಾಡಲಿಲ್ಲ. ಪುಟ ಬೇಗ ತೆರೆದರೆ ಆಕೆ ಯಾಕೆ ಫೋನ್ ಮಾಡುತ್ತಾರೆ?

ಒಂದು ಶುಕ್ರವಾರ ಮೊದಲನೆಯ ಬಸ್ಸು ಕೆಟ್ಟು ನಿಂತಿತು. ಅದರ ಬದಲಿಗೆ ಬೇರೊಂದು ಬಸ್ಸು ಕಾಲು ಗಂಟೆ ಮುಂಚೆಯೇ ಹೊರಡುವುದೆಂದು ಪಟ್ಟಿಯಲ್ಲಿ ಹಾಕಿ, ಹಾಲು ತರಲು ಕೆಳಗಿಳಿದೆ. ಫೋನು ಮೇಲೆಯೇ ಉಳಿಯಿತು. ಬಂದು ನೋಡಿದರೆ ಆಕೆಯ ಏಳು ಕರೆ. ತಿರುಗಿ ಮಾಡಿದಾಗ ಬಸ್ಸು ಹೋಗಿಯಾಗಿತ್ತು. ರಾತ್ರಿ ಮತ್ತೆ ಫೋನ್ ಮಾಡಿ ಕೇಳಿದೆ: ಮುಂದಿನ ಬಸ್ಸಿಗೆ ಹೋದರೂ ಪಾಳಿ ತಪ್ಪಿ, ಸಂಜೆಯವರೆಗೂ ಗಂಡ ಆಸ್ಪತ್ರೆಯ ಬೆಂಚಿನ ಮೇಲೆ ಏದುಸಿರು ಬಿಡುತ್ತಾ ಕೂತಿದ್ದನಂತೆ.

ಬೈಯುತ್ತಾರೆಂದುಕೊಂಡೆ. "ನಿಮ್ದೇನು ತಪ್ಪೈತ್ರೀ ಅಣ್ಣಾರೆ, ನಮ್ಮೂರ ನೆಟ್‌ವರ್ಕೇ ಹಂಗೆ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ನಾನು "ಹೌದಮ್ಮ" ಎಂದೆ. ಥೂ ನನ್ನ ಜನ್ಮಕ್ಕೆ!

ಆ ರಾತ್ರಿಯೇ ಕೂತೆ. ಫೋಟೊಗಳನ್ನು ಫೋಟೊ ಪುಟಕ್ಕೆ, ಫಾರಂ ಅನ್ನು ಸಂಪರ್ಕದ ಪುಟಕ್ಕೆ ಅಟ್ಟಿದೆ. ಬಸ್ಸಿನ ಪುಟದಲ್ಲಿ ಬರೀ ಅಕ್ಷರ ಉಳಿಯಿತು. ಮರುದಿನ ಕತ್ತಲಗೆರೆಯಾಚೆ ಸಿಗ್ನಲ್ ಒಂದೇ ಕಡ್ಡಿ ಇರುವ ಕಡೆ ಬೈಕ್ ನಿಲ್ಲಿಸಿ ನೋಡಿದೆ. ಒತ್ತಿದ ತಕ್ಷಣ ತೆರೆಯಿತು.

ಮಂಗಳವಾರ ಫೋನ್ ಬರಲಿಲ್ಲ. ಶುಕ್ರವಾರವೂ ಇಲ್ಲ. ಒಳ್ಳೆಯದೇ ಆಯಿತೆಂದು ನನಗೆ ನಾನೇ ಹೇಳಿಕೊಂಡೆ. ಎರಡು ತಿಂಗಳು ತಡೆದುಕೊಂಡು, ಒಂದು ಮಂಗಳವಾರ ನಾನೇ ಮಾಡಿದೆ. ಅವತ್ತಿನ ತಪ್ಪು ನೆಟ್‌ವರ್ಕಿನದಲ್ಲ, ನನ್ನದು ಎಂದು ಹೇಳಿಬಿಡಬೇಕಿತ್ತು.

"ಯಾರ್ರೀ?"

ಹೇಳಿದೆ.

"ಓ, ಬಸ್ಸಿನ ಅಣ್ಣಾರು! ಏನ್ರೀ, ಏನಾರ ಬೇಕಿತ್ತೇನು?"

ಬಾಯಿಗೆ ಬಂದದ್ದು ಬೇರೆಯೇ. "ಮೊದಲ್ನೇ ಬಸ್ ಇವತ್ತು ಐತೇನಮ್ಮ?"

"ಐತಲ್ರೀ, ನಿಮ್ಮ ಪುಟದಾಗೇ ಐತೆ, ನೋಡ್ರಿ" ಎಂದು ನಕ್ಕರು. ಹಿಂದೆ ಹಾರ್ನ್ ಕೇಳಿಸಿತು. "ಬಂತ್ರೀ ಬಸ್ಸು, ಇಡ್ತೀನಿ."

ಪುಟ ತೆರೆದು ನೋಡಿದೆ. ಬಸ್ಸು ಸರಿಯಾದ ವೇಳೆಗೇ ಬಂದಿತ್ತು.