ಷರಾ ಕಾಣದ ಪರದೆ

ಪರದೆಯ ರೆಸಲ್ಯೂಷನ್ ಬದಲಿಸಿದೊಡನೆ ಅಕ್ಷರಗಳು ಸಣ್ಣವಾಗಿ, ಮಳೆ ಲೆಕ್ಕದ ಶೀಟ್ ಪೂರ್ತಿ ಕಂಡಿತು. ನಮ್ಮ ತೋಟದ ಹಳೆಯ ಲ್ಯಾಪ್‌ಟಾಪ್ ಸರಿಮಾಡುತ್ತಿದ್ದ ಜ್ಯೋತಿಯ ಕೈ ಅಲ್ಲೇ ನಿಂತಿತು. ಆ ಲೆಕ್ಕ ಬರೆಯುತ್ತಿದ್ದ, ಹೋದ ತಿಂಗಳು ಹೃದಯಾಘಾತದಿಂದ ತೀರಿಕೊಂಡ ರೈಟರ್ ಶಿವಣ್ಣನವರ ಮಗಳು ಅವಳು.

ಬಲತುದಿಯ ಷರಾ ಅಂಕಣದಲ್ಲಿ ಶಿವಣ್ಣ ಬರೆದಿದ್ದರು: 'ಎದೆನೋವು. ಆಸ್ಪತ್ರೆಗೆ ಒಂದು ದಿನ ರಜೆ ಬೇಕು.' ಮರುದಿನವೂ ಅದೇ. ಅದರ ಮರುದಿನವೂ.

ರಜೆಯನ್ನು ಬಾಯಲ್ಲಿ ಕೇಳದೆ ಷರಾದಲ್ಲಿ ಬರೆಯುವುದು ನಮ್ಮ ತೋಟದ ರೂಢಿ. ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಸಿದ ಮೇಲೆ ಅಕ್ಷರಗಳು ದೊಡ್ಡವಾಗಿ, ಶೀಟನ್ನು ಪಕ್ಕಕ್ಕೆ ಸರಿಸಿದರಷ್ಟೇ ಆ ಅಂಕಣ ಕಾಣುತ್ತಿತ್ತು. ನಾನು ಮಳೆ ಎಷ್ಟಿಂಚು ಎಂದಷ್ಟೇ ನೋಡಿ ಏಳುತ್ತಿದ್ದೆ.

"ದಿನಾ ನೋಡ್ತಿದ್ರಲ್ಲ, ಗೌಡ್ರೇ?" ಎಂದಳು.

ಈಗ ಮಳೆ ಲೆಕ್ಕ ಬರೆಯುವುದು ನಾನೇ. ದಿನವೂ ಮೊದಲು ಬಲತುದಿ ನೋಡುತ್ತೇನೆ. ಅಲ್ಲೀಗ ಬರೆಯುವವರಿಲ್ಲ.