ದಫೇದಾರನ ಉಪವಾಸ

ನರೋಣಾದ ನಮ್ಮ ಮನೆಯಲ್ಲಿ ಹಂಚಿನಿಂದ ಇಳಿದ ಮೊದಲ ಜೋಳದ ರೊಟ್ಟಿ ಮನುಷ್ಯರದಲ್ಲ. ನನ್ನ ಅಪ್ಪನ ತಾಯಿಯಾದ ಆಯಿ, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಒಲೆಯ ಮುಂದೆ ಕೂತು, ಆ ಮೊದಲ ರೊಟ್ಟಿಯನ್ನು ಚೂರು ಮಾಡಿ, ಬಿಸಿ ಕಳೆಯುವ ತನಕ ಸೆರಗಿನಿಂದ ಗಾಳಿ ಹಾಕಿ, ಹೊಸ್ತಿಲಾಚೆಯ ಕಲ್ಲಿನ ಮೇಲೆ ಇಡುತ್ತಾಳೆ. ಅದನ್ನು ನಾಯಿ ತಿಂದ ಮೇಲೆ ಮನೆಯವರ ಸರದಿ. ಹಸಿವೆಗೆ ಸರದಿ ಗೊತ್ತುಮಾಡಿದವರು ಯಾರು, ನಾಯಿಯೇ ಇಲ್ಲದ ಮನೆಯವರು ಏನು ಮಾಡಬೇಕು ಎಂದು ನಾನು ಒಮ್ಮೆ ಪಟ್ಟು ಹಿಡಿದು ಕೇಳಿದ್ದೆ. ಆಯಿ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, ನಾಯಿ ಇದ್ದವರ ಮನೆಗೆ ಹೋಗಿ ಉಣ್ಣಬೇಕು ಎಂದಿದ್ದಳು. ಇಂಥ ಉತ್ತರಕ್ಕೆ ಮರುಪ್ರಶ್ನೆ ಹಾಕುವುದು ಹೇಗೆಂದು ನನಗೆ ಯಾವ ಕಾಲೇಜೂ ಕಲಿಸಿಲ್ಲ.

ಕಾಲೇಜು ಕಲಿಸಿದ್ದು ಬೇರೆ. ಗುಲಬರ್ಗಾದಲ್ಲಿ ಬಿ.ಎಸ್ಸಿ. ಓದುತ್ತ, ಚರ್ಚಾಸ್ಪರ್ಧೆಗಳಿಗೆ ಊರೂರು ತಿರುಗಿ, ಒಂದೇ ವಿಷಯದ ಮೇಲೆ ಬೆಳಿಗ್ಗೆ ಪರವಾಗಿಯೂ ಮಧ್ಯಾಹ್ನ ವಿರೋಧವಾಗಿಯೂ ಅಷ್ಟೇ ಪ್ರಾಮಾಣಿಕ ಮುಖ ಮಾಡಿಕೊಂಡು ಮಾತಾಡುವುದು ನನಗೆ ಸಲೀಸಾಗಿತ್ತು. ಯಾರಾದರೂ ಇಂದು ಬಿಸಿಲು ಹೆಚ್ಚು ಎಂದರೆ, ಯಾವುದಕ್ಕಿಂತ ಹೆಚ್ಚು ಎಂದು ನಾಲಿಗೆ ತಾನಾಗಿಯೇ ಕೇಳುತ್ತಿತ್ತು. ಅಪ್ಪನ ನೌಕರಿ ಅಫಜಲಪುರದಲ್ಲಿ, ಅವ್ವನೂ ಅಲ್ಲಿಯೇ. ಬೇಸಿಗೆಯ ರಜೆಗೆ ಮಾತ್ರ ನಾನು ನರೋಣಾಕ್ಕೆ ಬಂದು ಆಯಿಯ ಜೊತೆ ಇರುತ್ತೇನೆ. ಕಳೆದ ಬೇಸಿಗೆಯಲ್ಲಿ ಮನೆಯಲ್ಲಿ ನಾವು ಮೂವರೇ: ಆಯಿ, ನಾನು, ಐದು ತಿಂಗಳ ಕೆಂದು ಬಣ್ಣದ ಮರಿ. ಬಾಗಿಲಿಗೆ ಬಂದವರನ್ನು ತಡೆದು, ಕಾಲಿನಿಂದ ಕೈಚೀಲದ ತನಕ ಮೂಸಿ ತನಿಖೆ ಮುಗಿಸದ ಹೊರತು ಒಳಗೆ ಬಿಡದ ಅದರ ಠೀವಿ ನೋಡಿ, ಆಯಿ ಅದಕ್ಕೆ ನಿಜಾಮರ ಕಾಲದ ಪೊಲೀಸರ ಹುದ್ದೆಯನ್ನೇ ಕೊಟ್ಟುಬಿಟ್ಟಿದ್ದಳು. ದಫೇದಾರ.

ಒಂದು ಸೋಮವಾರ ದಫೇದಾರ ರೊಟ್ಟಿಯನ್ನು ಮೂಸಿ ಮುಖ ತಿರುಗಿಸಿದ. ಆಯಿ ನನ್ನನ್ನು ಕರೆದು ತೋರಿಸಿದಳು. ಬಿಸಿಲಿಗೆ ಹಸಿವೆ ಸತ್ತಿರುತ್ತದೆ, ಇಲ್ಲವೇ ಹಲ್ಲಿಯನ್ನೋ ಓತಿಯನ್ನೋ ತಿಂದಿರುತ್ತಾನೆ ಎಂದು ಎರಡು ಕಾರಣ ಕೊಟ್ಟು ನಾನು ಉಂಡೆದ್ದೆ. ಮಧ್ಯಾಹ್ನದೊಳಗೆ ಅವನು ಹಳದಿ ನೊರೆಯನ್ನು ಮೂರು ಸಲ ಕಾರಿದ. ಆಯಿ ಹೋಗಿ ಮೆಹಬೂಬ ಮಾಮಾನನ್ನು ಕರೆದುಕೊಂಡು ಬಂದಳು. ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿ ನಿವೃತ್ತನಾದ ಈ ನೆರೆಮನೆಯ ಮನುಷ್ಯ, ಬಾಗಿಲಲ್ಲಿ ನಿಂತು ಒಮ್ಮೆ ಗಾಳಿ ಎಳೆದುಕೊಂಡವನೇ, ಇದು ಪಾರ್ವೋ, ಮರಿಗಳ ಕರುಳು ಕತ್ತರಿಸುವ ಹೊಸ ರೋಗ, ಈ ನಾತ ನನಗೆ ಗೊತ್ತು ಎಂದ.

ಈಗ ನೀವು ನನ್ನ ಗೆಳೆಯರೆಂದು ತಿಳಿದು ಒಂದು ತಪ್ಪೊಪ್ಪಿಕೊಳ್ಳುತ್ತೇನೆ. ಮರಿಯ ಕಡೆ ನೋಡುವ ಬದಲು ನಾನು ಮಾಮಾನ ವಾದದ ಕಡೆ ನೋಡಿದೆ. ವಾಸನೆಯಿಂದ ರೋಗ ಗೊತ್ತಾಗುವುದಾದರೆ ಪ್ರಯೋಗಶಾಲೆಗಳೇಕೆ, ವಾಂತಿಗೆ ಹತ್ತು ಕಾರಣಗಳಿರುವಾಗ ಒಂದನ್ನೇ ಆರಿಸುವುದು ಯಾವ ನ್ಯಾಯ, ಪಟ್ಟಣದ ಸಾಕುನಾಯಿಗಳ ರೋಗ ನರೋಣಾಕ್ಕೆ ಯಾವ ಬಸ್ಸು ಹಿಡಿದು ಬಂತು ಎಂದು ನಾನು ಒಂದರ ಮೇಲೊಂದು ಎಸೆದೆ. ಮಾಮಾ ಕಟ್ಟೆಯ ಮೇಲೆ ಕೂತು ಪೂರ್ತಿ ಕೇಳಿದ. ಆಮೇಲೆ ಚಪ್ಪಲಿ ಮೆಟ್ಟುತ್ತ ಹೇಳಿದ:

“ನಿನ್ನ ಮಾತ ಖರೆ ಇರಬಹುದವ್ವ. ಆದ್ರ ಅದು ನಾಯಿಗಿ ಕೇಳಸವಲ್ದು ನೋಡು.”

ನಾನು ಗೆದ್ದಿದ್ದೆ. ಆ ಗೆಲುವಿನ ಬೆಲೆ ಒಂದು ಸಂಜೆ. ಆಳಂದಕ್ಕೆ ಹೋಗುವ ಕೊನೆಯ ಬಸ್ಸು ಅಷ್ಟರಲ್ಲಿ ಹೊರಟುಹೋಗಿತ್ತು. ಮರುದಿನ ಬೆಳಿಗ್ಗೆ ಮರಿಯ ಹಿಂಬದಿಯಲ್ಲಿ ರಕ್ತ ಕಂಡಾಗ ನನ್ನ ಹತ್ತು ಕಾರಣಗಳಲ್ಲಿ ಒಂಬತ್ತು ಒಟ್ಟಿಗೆ ಬಾಯಿ ಮುಚ್ಚಿಕೊಂಡವು.

ಮರಿಯನ್ನು ಬಸ್ಸಿನಲ್ಲಿ ಒಯ್ಯುವಂತಿರಲಿಲ್ಲ. ನಾನೊಬ್ಬಳೇ ಆಳಂದಕ್ಕೆ ಹೋದೆ. ಅಲ್ಲಿಯ ಡಾಕ್ಟರು ನಾನು ಹೇಳಿದ್ದನ್ನೆಲ್ಲ ಕೇಳಿ, ಈ ರೋಗವನ್ನೇ ಕೊಲ್ಲುವ ಔಷಧ ಯಾವುದೂ ಇಲ್ಲ, ಮೈಯ ನೀರು ಬತ್ತದಂತೆ ನೋಡಿಕೊಂಡರೆ ಮರಿಯ ರಕ್ತವೇ ಕಾದಾಡಿ ಗೆಲ್ಲಬೇಕು, ನಾಲ್ಕೈದು ದಿನ ದಾಟಿದರೆ ಆಸೆ ಇಟ್ಟುಕೊಳ್ಳಬಹುದು ಎಂದರು. ಸಲೈನಿನ ಗಾಜಿನ ಬಾಟಲಿಗಳು, ಸೂಜಿ, ಬೇರೆ ಸೋಂಕು ತಡೆಯುವ ಇಂಜೆಕ್ಷನ್ನು ಕೊಟ್ಟು, ಮಾಮಾನ ಕೈ ಪಳಗಿದ್ದು, ಹೆಗಲ ನಡುವಿನ ಚರ್ಮದ ಕೆಳಗೆ ಅವನೇ ಹಾಕುತ್ತಾನೆ ಎಂದರು. ವಾಂತಿ ನಿಂತು ಒಂದು ಹಗಲು ಕಳೆಯುವ ತನಕ ಹೊಟ್ಟೆಗೆ ಏನನ್ನೂ ಹಾಕಕೂಡದು, ಹಾಲನ್ನಂತೂ ತೋರಿಸಲೂ ಕೂಡದು ಎಂದು ಎರಡೆರಡು ಸಲ ಹೇಳಿ ಕಳಿಸಿದರು.

ಮಧ್ಯಾಹ್ನ ನಾನು ಚೀಲ ಹೊತ್ತು ಮನೆ ಹೊಕ್ಕಾಗ ಪಡಸಾಲೆಯಲ್ಲಿ ಬಟ್ಟಲೊಂದಿತ್ತು. ಅದರ ಅಂಚಿಗೆ ಹಾಲಿನ ಕೆನೆ, ತಳದಲ್ಲಿ ನೆನೆದ ರೊಟ್ಟಿಯ ಚೂರು. ಅದರಾಚೆ, ಈಗಷ್ಟೇ ಸಾರಿಸಿದ ಸಗಣಿ ನೆಲದ ಮೇಲೆ, ತಿಂದದ್ದೆಲ್ಲ ರಕ್ತದ ಜೊತೆ ಹೊರಬಿದ್ದಿತ್ತು. ದಫೇದಾರ ಗೋಡೆಗೆ ಒರಗಿ ಮಲಗಿದ್ದ. ಅವನ ಬೆನ್ನ ಚರ್ಮವನ್ನು ಚಿವುಟಿ ಬಿಟ್ಟರೆ ಅದು ಮಡಿಕೆ ಬಿದ್ದ ಬಟ್ಟೆಯ ಹಾಗೆ ಹಾಗೇ ನಿಲ್ಲುತ್ತಿತ್ತು.

ನಾನು ಆಯಿಯ ಮೇಲೆ ಮುಗಿಬಿದ್ದೆ. ಏನೇನಂದೆ ಎಂದು ಪೂರ್ತಿ ಬರೆಯಲಾರೆ. ಸ್ಪರ್ಧೆಯಲ್ಲಾಗಿದ್ದರೆ ಬಹುಮಾನ ಬರುತ್ತಿತ್ತು. ಪೀಠಿಕೆಯಿತ್ತು, ಆಧಾರವಿತ್ತು, ಎದುರಾಳಿಗೆ ತಪ್ಪಿಸಿಕೊಳ್ಳಲು ಒಂದು ಸಂದಿಯೂ ಇರಲಿಲ್ಲ. ಕೊನೆಗೆ, ನಿನ್ನ ನೇಮ ಉಳಿಸಿಕೊಂಡು ನೀನು ನೆಮ್ಮದಿಯಾಗಿ ಉಣ್ಣಬೇಕೆಂದು ಈ ಮೂಕಪ್ರಾಣಿಗೆ ವಿಷ ಹಾಕಿದೆ ಎಂದೂ ಅಂದೆ. ಆಯಿ ಬಟ್ಟಲನ್ನು ತೆಗೆದುಕೊಂಡು ಹಿತ್ತಲಿಗೆ ಹೋದಳು. ಅಷ್ಟರಲ್ಲಿ ಬಂದು ಬಾಟಲಿಗೆ ನಳಿಕೆ ಸಿಕ್ಕಿಸುತ್ತಿದ್ದ ಮೆಹಬೂಬ ಮಾಮಾ ನನ್ನ ಕಡೆ ನೋಡದೆಯೇ ಕೇಳಿದ:

“ಉಂಡಾಳಂತ ನಿನಗ್ಯಾರ್ ಹೇಳಿದ್ರು?”

ಆಯಿ ಉಂಡಿರಲಿಲ್ಲ. ಸೋಮವಾರದ ಬೆಳಗಿನಿಂದ, ನಾಯಿ ಮುಟ್ಟದ ಅನ್ನವನ್ನು ತಾನೂ ಮುಟ್ಟಿರಲಿಲ್ಲ. ನನಗೆ ಬಡಿಸಿ, ನಾನೆದ್ದ ಮೇಲೆ ತಾನು ಉಣ್ಣುವುದು ಅವಳ ರೂಢಿಯಾದ್ದರಿಂದ, ಎರಡು ದಿನ ನಾನು ಅವಳ ಕೈಯಿಂದಲೇ ಉಂಡು, ಅವಳ ಕಣ್ಣೆದುರೇ ಕೈತೊಳೆದು, ಏನನ್ನೂ ಕಂಡಿರಲಿಲ್ಲ. ಯಾವ ಮಾತನ್ನೂ ಪರೀಕ್ಷಿಸದೆ ಒಪ್ಪುವುದಿಲ್ಲ ಎಂದು ಬೀಗುವವಳು, ಎದುರಿಗೆ ಕೂತ ಮುದುಕಿ ಉಂಡಳೋ ಇಲ್ಲವೋ ಎಂಬುದನ್ನು ಮಾತ್ರ ಪರೀಕ್ಷೆಯಿಲ್ಲದೆ ನಂಬಿದ್ದೆ. ಎಪ್ಪತ್ತರ ಆಚೆಯ ಜೀವ, ಬೇಸಿಗೆ, ತಲೆ ಸುತ್ತಿ ಬಿದ್ದರೆ ಎತ್ತಲು ಮನೆಯಲ್ಲಿ ನಾನೊಬ್ಬಳೇ. ನಾಯಿ ಉಪವಾಸವಿದ್ದರೆ ಮಾತ್ರ ಬದುಕೀತು, ನಾಯಿ ಉಂಡರೆ ಮಾತ್ರ ಆಯಿ ಉಂಡಾಳು. ಎರಡೂ ಕಡೆಯ ವಾದವನ್ನು ಮಂಡಿಸಬಲ್ಲ ನನಗೆ ಎರಡೂ ಕಡೆಯ ಜೀವವನ್ನು ಉಳಿಸಿಕೊಳ್ಳುವ ದಾರಿ ಹೊಳೆಯಲಿಲ್ಲ.

ಹಿತ್ತಲಿಗೆ ಹೋಗಿ ಆಯಿಯ ಪಕ್ಕ ಕೂತೆ. ನೇಮ ಬಿಡು ಎಂದು ಹೇಳಲು ಹೊರಟ ಬಾಯಿ, ಅವಳ ಒಣಗಿದ ತುಟಿ ನೋಡಿ, ಬೇರೆಯೇ ಮಾತಾಡಿತು. ಹಾಲು ಯಾಕೆ ಹಾಕಿದೆ ಎಂದು ಈ ಸಲ ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದೆ.

“ಬಾಲ ಅಲಗಾಡಸ್ತವ್ವ. ಹಸದದ ಅಂತ ತಿಳಕೊಂಡೆ,” ಎಂದಳು ಆಯಿ. “ಹಸದವರ ಮುಂದ ಹೆಂಗ ಸುಮ್ಮ ಕೂಡ್ಲಿ?”

ಈ ಪ್ರಶ್ನೆಗೆ ವಿರೋಧಪಕ್ಷವೇ ಇಲ್ಲ. ಇಡೀ ಆಯುಷ್ಯವನ್ನು ಇದೊಂದರ ಮೇಲೆಯೇ ನಿಲ್ಲಿಸಿಕೊಂಡವಳಿಗೆ ನಾನು ಹಸಿವೆಯ ವಿರುದ್ಧ ಮಾತಾಡಿ ಏನು ಪ್ರಯೋಜನ? ಅವಳ ನೇಮದೊಳಗೇ ಜಾಗ ಹುಡುಕಬೇಕಿತ್ತು. ಹಾಗಾಗಿ ಹೇಳಿದೆ: ಅವನ ಕರುಳು ಈಗ ಸುಟ್ಟ ಗಾಯ, ಈಗ ಅವನಿಗೆ ಅನ್ನವೆಂದರೆ ಸೂಜಿಯ ನೀರು. ವಾಂತಿ ನಿಂತ ಮೇಲೆ ಸಕ್ಕರೆ, ಉಪ್ಪು ಬೆರೆಸಿದ ಕಾದಾರಿದ ನೀರು, ಅದೂ ಒಂದೊಂದೇ ಚಮಚ. ಅದು ಅವನ ರೊಟ್ಟಿ. ಕೊಡುವ ಕೈ ನಿನ್ನದೇ ಆಗಲಿ.

ಆಯಿಯೂ ತನ್ನ ಕರಾರು ಹಾಕಿದಳು. ಅವನು ಕುಡಿದರೆ ತಾನೂ ಅದನ್ನೇ ಕುಡಿಯುವುದಾಗಿಯೂ, ರೊಟ್ಟಿಯ ಮಾತು ಅವನು ಜೋಳ ಮುಟ್ಟಿದ ದಿನಕ್ಕೆ ಇರಲಿ ಎಂದೂ ಹೇಳಿದಳು. ಅಲ್ಲಿಯ ತನಕ? ಅಲ್ಲಿಯ ತನಕ ಸೂಜಿ ಇವನಿಗೆ, ಮಜ್ಜಿಗೆ ನಿನಗೆ ಎಂದು ನಾನು ಚೌಕಾಸಿಗಿಳಿದೆ. ಮಾಮಾ ಒಳಗಿನಿಂದ ಕೂಗಿ, ಸಲೈನಿನಲ್ಲಿ ಉಪ್ಪಿದೆ, ಮಜ್ಜಿಗೆಗೂ ಉಪ್ಪು ಹಾಕಿಕೊಂಡರೆ ಲೆಕ್ಕ ಸರಿಹೋಯಿತು ಎಂದ. ಆಯಿ ಅಂದು ಮೊದಲ ಸಲ ನಕ್ಕಳು. ಒಂದು ಲೋಟ ಮಜ್ಜಿಗೆ ಒಳಗೆ ಹೋಯಿತು.

ಆಮೇಲೆ ನಡೆದದ್ದರಲ್ಲಿ ಹೇಳಿಕೊಳ್ಳುವಂಥ ಪವಾಡವೇನಿಲ್ಲ, ಕೆಲಸವಿತ್ತು. ಪಡಸಾಲೆಯ ತೊಲೆಯಲ್ಲಿ ತೊಟ್ಟಿಲು ತೂಗುಹಾಕುವ ಕಬ್ಬಿಣದ ಕೊಂಡಿಯಿದೆ. ಅಪ್ಪನೂ ನಾನೂ ತೂಗಿಸಿಕೊಂಡ ಆ ಕೊಂಡಿಗೆ ಬಾಟಲಿ ಕಟ್ಟಿದೆವು. ಸಗಣಿಯಿಂದ ಸಾರಿಸುವುದನ್ನು ನಿಲ್ಲಿಸಿ, ಊರ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರನ್ನು ಪಂಚಾಯಿತಿಯಿಂದ ಬೇಡಿ ತಂದು ನೆಲ ತೊಳೆದೆ. ಕಣ್ಣು ಉರಿದವು, ಕೈ ಸುಲಿದವು. ನೋಡಲು ಬಂದವರು ತಾಯಿತ ತಂದರು, ನಿಂಬೆಹಣ್ಣು ತಂದರು. ಹಿಂದಿನ ನಾನಾಗಿದ್ದರೆ ಪ್ರತಿಯೊಬ್ಬರನ್ನೂ ಕೂಡಿಸಿಕೊಂಡು ವಾದ ಹೂಡುತ್ತಿದ್ದೆ. ಆ ದಿನಗಳಲ್ಲಿ ತಾಯಿತವನ್ನು ಗೂಟಕ್ಕೆ ತೂಗುಹಾಕಿ, ತಂದವರನ್ನು ಬಾಗಿಲಲ್ಲೇ ತಡೆದು, ಇದು ಅಂಟುವ ರೋಗ, ನಿಮ್ಮ ಮನೆಯಲ್ಲಿ ಮರಿಯಿದ್ದರೆ ಕಾಲು ತೊಳೆದು ಹೋಗಿ ಎಂದಷ್ಟೇ ಹೇಳಿದೆ. ತಾಯಿತದಲ್ಲಿ ನನಗೆ ನಂಬಿಕೆ ಬಂದಿರಲಿಲ್ಲ, ಈಗಲೂ ಬಂದಿಲ್ಲ. ಆದರೆ ಬಾಟಲಿಯ ಹನಿ ನಿಲ್ಲದಂತೆ ನೋಡುವವರಿಗೆ ಅದನ್ನು ಖಂಡಿಸಲು ಬಿಡುವಿರುವುದಿಲ್ಲ. ಸಂದೇಹವೆನ್ನುವುದು ಬಾಯಿಯ ಕೆಲಸವೆಂದು ತಿಳಿದಿದ್ದೆ. ಅದಕ್ಕೆ ಬಕೆಟ್ಟು, ಪೊರಕೆ, ಗಡಿಯಾರ ಬೇಕು.

ಬುಧವಾರ ಅವನ ಒಸಡು ಸುಣ್ಣದ ಹಾಗೆ ಬಿಳಿಚಿತು. ಮಾಮಾ ಇಂಜೆಕ್ಷನ್ನು ಕೊಟ್ಟು ಹೋದ. ಆ ದಿನ ಬೇಡವೆನ್ನಿಸುವಷ್ಟು ಸಲ ಅವನ ಪಕ್ಕೆಯ ಮೇಲೆ ಕೈಯಿಟ್ಟು ಉಸಿರು ನೋಡಿದೆ. ಗುರುವಾರ ಬೆಳಗಿನಿಂದ ಸಂಜೆಯ ತನಕ ವಾಂತಿಯಾಗಲಿಲ್ಲ. ಶುಕ್ರವಾರ ಬೆಳಿಗ್ಗೆ ಆಯಿ ಚಮಚ ಹಿಡಿದಳು. ಕಾಲುಗಂಟೆಗೆ ಒಂದು ಚಮಚ ಅವನಿಗೆ, ಬೇರೊಂದು ಚಮಚದಿಂದ ಒಂದು ತನಗೆ. ಹೀಗೆ ಇಡೀ ಹಗಲು. ಅವಳ ಮುಖ ಮರಿಯ ಮುಖದಷ್ಟೇ ಇಳಿದಿತ್ತು. ನನ್ನ ಕಣ್ಣು ತಪ್ಪಿಸಿ ಒಂದು ಹನಿ ಹೆಚ್ಚು ಕೊಡುತ್ತಾಳೇನೋ ಎಂದು ನಾನು ಕಾವಲು ಕೂತಿದ್ದೆ. ಅವಳು ನನಗಿಂತ ಕಟ್ಟುನಿಟ್ಟಾಗಿದ್ದಳು. ಗಡಿಯಾರದ ಮುಳ್ಳು ಓದಲು ಬಾರದವಳು ನೂರೆಂಟು ಮಣಿಯ ಜಪಸರವನ್ನು ಎಷ್ಟು ಸುತ್ತು ಎಣಿಸಿದರೆ ಕಾಲುಗಂಟೆಯಾಗುತ್ತದೆಂದು ನನ್ನಿಂದ ಅಳತೆ ಮಾಡಿಸಿಕೊಂಡು, ಅದರಂತೆಯೇ ನಡೆದಳು. ಶಿವನ ಹೆಸರಿಗೆ ಇಂಥ ಉಪಯೋಗವೂ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಶನಿವಾರ ಹೊತ್ತು ಏರುವಾಗ ದಫೇದಾರ ಎದ್ದು ನಿಂತ. ಕಾಲು ನಡುಗುತ್ತಿದ್ದವು. ನೀರಿನಷ್ಟು ತೆಳ್ಳಗಿನ ಜೋಳದ ಅಂಬಲಿಯನ್ನು ಆಯಿ ತಟ್ಟೆಗೆ ಹಾಕಿ ಮುಂದಿಟ್ಟಳು. ಮೂಸಿದ. ನೆಕ್ಕಿದ. ಮತ್ತೆ ನೆಕ್ಕಿ ತಟ್ಟೆ ಬರಿದು ಮಾಡಿ ಅಲ್ಲಿಯೇ ಕುಸಿದು ಮಲಗಿದ.

ಅಷ್ಟಾದ ಮೇಲೆ ನನಗೆ ತಡೆಯಲಾಗಲಿಲ್ಲ. ಬುಟ್ಟಿಯಿಂದ ರೊಟ್ಟಿ ತೆಗೆದು, ಪುಂಡಿಪಲ್ಯ ಬಡಿಸಿ, ಆಯಿಯ ಮುಂದೆ ತಟ್ಟೆ ಇಟ್ಟು, ಉಂಡನಲ್ಲ, ಗೆದ್ದೆವಲ್ಲ, ಇನ್ನಾದರೂ ಉಣ್ಣು ಎಂದು ಗೋಗರೆದೆ. ಆಯಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ತಡಿ. ಅವತ್ತ ನಾನೂ ಹಿಂಗೇ ತಿಂತು ಅಂತ ಹಿಗ್ಗಿದ್ದೆ. ಹೊಟ್ಟ್ಯಾಗ ನಿಂದರಬೇಕಲ್ಲ. ಒಂದ್ ತಾಸು ನೋಡೂಣು.”

ನೋಡದೆ ನಂಬಿ ತಟ್ಟೆ ಹಾಕಿದವಳು ನಾನು. ನೋಡಿಯೇ ನಂಬುತ್ತೇನೆಂದು ಕೂತವಳು ಅವಳು. ತಟ್ಟೆಯ ಮೇಲೊಂದು ತಟ್ಟೆ ಮುಚ್ಚಿ, ಅವಳ ಪಕ್ಕ ಗೋಡೆಗೆ ಒರಗಿ ಕೂತೆ. ಮರಿಯ ಹೊಟ್ಟೆ ಏರಿತು, ಇಳಿಯಿತು. ಒಮ್ಮೆ ಅವನು ಬಿಕ್ಕಿದಾಗ ನಮ್ಮಿಬ್ಬರ ಕೈಯೂ ಒಟ್ಟಿಗೆ ಮುಂದೆ ಚಾಚಿದವು; ಅದು ಬರೀ ಬಿಕ್ಕಳಿಕೆಯಾಗಿತ್ತು. ಬಿಸಿಲು ಅಂಗಳದ ಅರ್ಧ ದಾಟಿತು. ತಾಸಾಯಿತು. ಅವಳ ಬೆರಳಲ್ಲಿ ಮಣಿಗಳು ಇನ್ನೂ ಒಂದು ಸುತ್ತು ಹೆಚ್ಚಾಗಿ ತಿರುಗಿ ನಿಂತವು. ಆಯಿ ಬಾಗಿ ಮರಿಯ ಬಾಯಿಯನ್ನು ಸೆರಗಿನ ತುದಿಯಿಂದ ಒರಸಿ ನೋಡಿದಳು. ಒಣಗಿತ್ತು.

“ಈಗ ಬಡಸು,” ಎಂದಳು.