ಮನೆಯಿಂದ ತಂದ ಬೆಡ್‌ಶೀಟುಗಳು

ನಮ್ಮ ಮಂಗಳೂರಿನಲ್ಲಿ ಸಿಟಿ ಬಸ್ಸಿನ ಕಂಡಕ್ಟರ್‌ಗೆ ಯಾರಾದರೂ ಹೊಡೆದರೆ ಆ ರೂಟಿನ ಬಸ್ಸುಗಳೆಲ್ಲ ನಿಂತುಬಿಡುತ್ತವೆ. ಪೆಟ್ಟು ತಿಂದವನು ಯಾವ ಮಾಲೀಕರ ಬಸ್ಸಿನವನು ಎಂದು ಉಳಿದ ಕಂಡಕ್ಟರುಗಳು ಕೇಳುವುದಿಲ್ಲ. ನಾವು ಬಿಸಿಲಿನಲ್ಲಿ ನಡೆಯುತ್ತ ಬೈಯುತ್ತೇವೆ, ಅಷ್ಟೆ. ಇಂಥ ಊರಿನ ಆಸ್ಪತ್ರೆಯೊಂದರಲ್ಲಿ, ಬಟ್ಟೆ ಒಗೆಯುವ ಒಬ್ಬ ಹೆಂಗಸಿನ ಪರವಾಗಿ ನರ್ಸುಗಳಾದ ನಮಗೆ ನೆಟ್ಟಗೆ ನಿಲ್ಲಲು ಆಗಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅವಳು ಹೊಳೆಯಾಚೆಯ ಬೆಂಗ್ರೆಯಿಂದ ಫೆರಿ ಹತ್ತಿ ಕೆಲಸಕ್ಕೆ ಬರುತ್ತಿದ್ದಳು. ಒಂದು ದಿನ ವಾರ್ಡಿನಿಂದ ಹೋದ ಬೆಡ್‌ಶೀಟಿನೊಳಗೆ ಉಳಿದಿದ್ದ ಸೂಜಿ ಅವಳ ಅಂಗೈಗೆ ಚುಚ್ಚಿತು. ರಕ್ತ ಪರೀಕ್ಷೆ ಮಾಡಿಸಿ, ದಪ್ಪ ಗ್ಲೌಸ್ ಕೊಡಿ ಎಂದು ಕೇಳಿದಳು. ನಾಳೆಯಿಂದ ಬರಬೇಡ ಎಂದ ಲಾಂಡ್ರಿಯ ಗುತ್ತಿಗೆದಾರ. ಅವಳನ್ನು ವಾಪಸು ತೆಗೆದುಕೊಳ್ಳುವ ತನಕ ಏಳುವುದಿಲ್ಲ ಎಂದು ಲಾಂಡ್ರಿಯ ಹೆಂಗಸರೆಲ್ಲ ಹಿಂದಿನ ಗೇಟಿನ ಹೊರಗೆ ಕೂತರು. ಅವರ ಕೆಲಸವನ್ನು ಆಡಳಿತದವರು ನಮ್ಮ ತಲೆಗೆ ಕಟ್ಟಲು ಬಂದಾಗ ನಾವು ಆಗುವುದಿಲ್ಲ ಎಂದೆವು. ಸೂಜಿ ನಮ್ಮ ವಾರ್ಡಿನದ್ದೇ ತಾನೆ?

ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ತಮ್ಮ ಊಟಕ್ಕೆ ಕೂತವನು ನನ್ನ ಮೇಲೆ ಹರಿಹಾಯ್ದ. “ನಿನಗೆ ಮರ್ಲಾ ಮಾರಾಯ್ತಿ, ತಲೆ ಸರಿ ಉಂಟಾ? ಅವರು ಕಾಂಟ್ರಾಕ್ಟಿನವರು, ನಿಮಗೂ ಅವರಿಗೂ ಎಂತ ಸಂಬಂಧ? ನಮ್ಮಲ್ಲಾದ್ರೆ ಕೂತವರನ್ನೂ ಅವರಿಗೆ ನೀರು ಕೊಟ್ಟವರನ್ನೂ ಒಟ್ಟಿಗೇ ವಿಮಾನ ಹತ್ತಿಸ್ತಾರೆ.”

ನಮ್ಮಲ್ಲಂತೆ! ಡೆನ್ಮಾರ್ಕಿನಲ್ಲಿ ನರ್ಸ್ ಆಗಿರುವ ತಂಗಿಗೆ ಫೋನ್ ಮಾಡಿದರೆ, ಇದರಲ್ಲಿ ಚರ್ಚೆಗೆ ಏನಿದೆ ಎಂಬುದೇ ಅವಳಿಗೆ ತಿಳಿಯಲಿಲ್ಲ. “ಇಲ್ಲಿ ಒಂದು ಯೂನಿಯನಿನವರು ನಿಂತ್ರೆ ಇನ್ನೊಂದರವರು ಅವರಿಗಾಗಿ ಕೆಲಸ ನಿಲ್ಲಿಸಬಹುದು. ಕಾನೂನಿನಲ್ಲೇ ಉಂಟು” ಎಂದಳು. ಒಂದೇ ಅಡುಗೆಮನೆಯ ಮೀನುಸಾರು ಉಂಡು ಬೆಳೆದ ಇಬ್ಬರು. ಒಬ್ಬನಿಗೆ ಅದು ಅಪರಾಧ, ಇನ್ನೊಬ್ಬಳಿಗೆ ಮಾಮೂಲು.

ನಮ್ಮ ನರ್ಸುಗಳು ಇವೆರಡನ್ನೂ ಬಿಟ್ಟು ಮೂರನೆಯದೊಂದು ದಾರಿ ಹುಡುಕಿದರು. ಒಗೆದ ಬಟ್ಟೆ ಮುಗಿದು ರೋಗಿಗಳು ಬರಿಯ ರೆಕ್ಸಿನ್ ಮೇಲೆ ಬೆವರುತ್ತ ಮಲಗಿದ್ದರು. ಅದನ್ನು ನೋಡಲಾರದೆ ಇವರು ತಂತಮ್ಮ ಮನೆಯಿಂದ ಬೆಡ್‌ಶೀಟು ತಂದು ಹಾಸಿದರು. ಮದುವೆಯಲ್ಲಿ ಉಡುಗೊರೆ ಬಂದ ಹೂವಿನ ಬೆಡ್‌ಶೀಟು ಕೂಡ ಬಂತು. ಕೊಳೆಯಾದರೆ ಚೀಲಕ್ಕೆ ತುಂಬಿ ಮನೆಗೆ ಒಯ್ದು, ಒಗೆದು, ಇಸ್ತ್ರಿ ಹಾಕಿ ತಂದರು. ಲಾಂಡ್ರಿಯ ಒಂದು ಬಟ್ಟೆಯನ್ನೂ ಮುಟ್ಟಿಲ್ಲವೆಂದು ಅವರಿಗೆ ಸಮಾಧಾನ.

ನಾನು ಕೂಗಾಡಿದೆ. “ಪೇಶಂಟ್ ಎಂತ ತಪ್ಪು ಮಾಡಿದ್ದಾರೆ?” ಎಂದು ಬಾಯಿ ಮುಚ್ಚಿಸಿದರು. ಆ ಪ್ರಶ್ನೆಯನ್ನು ಗ್ಲೌಸ್ ಕೊಡದವರ ಹತ್ತಿರ ಹೋಗಿ ಕೇಳಬೇಕಿತ್ತು. ಒಬ್ಬಳೂ ಹೋಗಲಿಲ್ಲ.

ಆಡಳಿತದವರಿಗೆ ಹಾಲು ಕುಡಿದಷ್ಟು ಸಂತೋಷ. ಮ್ಯಾನೇಜರ್ ನಮ್ಮ ಸೇವಾ ಮನೋಭಾವವನ್ನು ಹೊಗಳಿ ಕೇಕ್ ಕತ್ತರಿಸಿದರು. ವಾರ್ಡುಗಳಲ್ಲಿ ಬೆಡ್‌ಶೀಟಿಗೆ ಕೊರತೆಯೇ ಕಾಣದ ಮೇಲೆ ಗೇಟಿನಲ್ಲಿ ಕೂತವರು ತಲೆ ತಗ್ಗಿಸಿ ಒಬ್ಬೊಬ್ಬರಾಗಿ ಒಳಗೆ ಬಂದರು. ಅವಳಿಗೆ ಮಾತ್ರ ಕೆಲಸ ಸಿಗಲಿಲ್ಲ.

ತನ್ನ ಬುತ್ತಿ ಡಬ್ಬಿ, ಕೊಡೆ ಒಯ್ಯಲು ಬಂದವಳನ್ನು ಲಾಂಡ್ರಿಯ ಬಾಗಿಲಲ್ಲಿ ತಡೆದು, ನಾವೆಲ್ಲ ನಿಮ್ಮ ಪರವಾಗಿಯೇ ಇದ್ದೆವು ಎಂದೆ. ನನ್ನ ಮಾತು ನನಗೇ ಹೇಸಿಗೆಯಾಯಿತು.

“ಗೊತ್ತುಂಟು ಸಿಸ್ಟರ್” ಎಂದಳು. “ನೀವು ಗೇಟಿಗೆ ಬಂದು ಕೂರುವುದೆಲ್ಲ ಬೇಡ ಇತ್ತು. ನಮ್ಮ ಕೆಲಸ ನೀವು ಮಾಡದಿದ್ರೆ ಸಾಕಿತ್ತು.”